ಸಂರಕ್ಷಿತ ಸ್ಮಾರಕಗಳ ಸಮೀಪದ ಹಳೆಯ ಮನೆಗಳ ಹೊರಭಾಗದ ನವೀಕರಣ: ಸಾರ್ವಜನಿಕರಿಗೆ ಮಾಹಿತಿ

ಶ್ರೀರಂಗಪಟ್ಟಣ, ಬಾದಾಮಿ, ಐಹೊಳೆ, ಹಳೇಬೀಡು ಮುಂತಾದ ಸ್ಥಳಗಳಲ್ಲಿ ಜನವಸತಿಯು ಪ್ರಾಚೀನ ಸ್ಮಾರಕಗಳಿಗೆ ಹೊಂದಿಕೊಂಡೇ ಬೆಳೆದಿದೆ. ಅಲ್ಲಿನ ಹಳೆಯ ಮನೆಗಳ ಮುಂಭಾಗವನ್ನು ಕಾಲಕ್ಕೆ ತಕ್ಕಂತೆ ಸುಧಾರಿಸಿಕೊಳ್ಳಲು ಮಾಲೀಕರು ಬಯಸುವುದು ಸಹಜ. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಪೂರ್ವಾನುಮತಿ ಪಡೆಯದೆ ಮನೆಯನ್ನು ಕೆಡವಿದಲ್ಲಿ ಅದೇ ನಿವೇಶನದಲ್ಲಿ ಪುನಃ ಕಟ್ಟುವ ಅವಕಾಶವೇ ಕೈತಪ್ಪಬಹುದು. ಆದ್ದರಿಂದ ಕೆಲಸ ಆರಂಭಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

ಅನ್ವಯವಾಗುವ ಕಾನೂನು

ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮವು ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ ಕನಿಷ್ಠ 100 ಮೀಟರ್‌ವರೆಗಿನ ಜಾಗವು ನಿಷೇಧಿತ ಪ್ರದೇಶ. ಅದರಾಚೆಗಿನ ಕನಿಷ್ಠ 200 ಮೀಟರ್ ನಿಯಂತ್ರಿತ ಪ್ರದೇಶ. ದೂರವನ್ನು ದೇವಾಲಯದ ಗೋಡೆಯಿಂದಾಗಲಿ ಗೋಪುರದಿಂದಾಗಲಿ ಅಳೆಯದೆ, ಸಂರಕ್ಷಿತ ಪ್ರದೇಶದ ಗಡಿಯಿಂದಲೇ ಅಳೆಯಲಾಗುತ್ತದೆ ಎಂಬುದನ್ನು ಮಾಲೀಕರು ವಿಶೇಷವಾಗಿ ಗಮನಿಸಬೇಕು.

ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮವು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಹಂಪಿಯ ವ್ಯಾಪ್ತಿಯಲ್ಲಿ ಇವುಗಳ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002 ಸಹ ಜಾರಿಯಲ್ಲಿದೆ.

ಯಾವುದಕ್ಕೆ ಅವಕಾಶವಿದೆ?

1. ನಿಷೇಧಿತ ಪ್ರದೇಶ: ಹೊಸ ಮನೆ ಕಟ್ಟುವುದಕ್ಕೆ, ಹೆಚ್ಚುವರಿ ಅಂತಸ್ತು ಏರಿಸುವುದಕ್ಕೆ ಅಥವಾ ಹಳೆಯದನ್ನು ಕೆಡವಿ ಪುನಃ ಕಟ್ಟುವುದಕ್ಕೆ ಮಾಲೀಕರಿಗೆ ಅನುಮತಿ ದೊರೆಯುವುದಿಲ್ಲ. 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಅಥವಾ ತದನಂತರ ವಿಧಿವತ್ತಾಗಿ ಅನುಮೋದನೆ ಪಡೆದು ಕಟ್ಟಿದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅರ್ಜಿ ಸಲ್ಲಿಸಬಹುದು.

2. ನಿಯಂತ್ರಿತ ಪ್ರದೇಶ: ದುರಸ್ತಿ, ನವೀಕರಣ, ಪುನರ್ನಿರ್ಮಾಣ ಹಾಗೂ ಹೊಸ ನಿರ್ಮಾಣ ಇವೆಲ್ಲಕ್ಕೂ ಅರ್ಜಿ ಸಲ್ಲಿಸಬಹುದು. ಅನುಮತಿ ಪಡೆಯುವುದು ಕಡ್ಡಾಯ.

ಗೋಡೆಗೆ ಸುಣ್ಣ ಬಳಿಯುವಂತಹ ವಾಡಿಕೆಯ ನಿರ್ವಹಣೆಯನ್ನು ಮೀರಿ ಕಿಟಕಿ, ಸಜ್ಜ, ಜಗಲಿ ಅಥವಾ ಚಾವಣಿಯ ಸ್ವರೂಪವನ್ನು ಬದಲಿಸುವ ಉದ್ದೇಶವಿದ್ದಲ್ಲಿ ಮುಂಚಿತವಾಗಿ ಸಂಬಂಧಿಸಿದ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಮಾಲೀಕತ್ವದ ದಾಖಲೆ, ನಿವೇಶನದ ನಕ್ಷೆ, ಮನೆಯ ಈಗಿನ ಹಾಗೂ ಉದ್ದೇಶಿತ ಮುಂಭಾಗದ ನಕ್ಷೆಗಳು, ಎತ್ತರದ ವಿವರ ಮತ್ತು ಇತ್ತೀಚಿನ ಛಾಯಾಚಿತ್ರಗಳನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ. ನಿಷೇಧಿತ ಪ್ರದೇಶದ ಮನೆಯಾದಲ್ಲಿ ಅದು 1992ಕ್ಕೆ ಮುಂಚಿನದೆಂದು ತೋರಿಸಲು ಹಳೆಯ ಕಂದಾಯ ರಸೀದಿ, ಖಾತೆಯ ಪ್ರತಿ ಅಥವಾ ಕ್ರಯಪತ್ರ ನೆರವಾಗುತ್ತವೆ.

ಸಕ್ಷಮ ಪ್ರಾಧಿಕಾರವು ಅರ್ಜಿಯನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಕಳುಹಿಸುತ್ತದೆ. ಸದರಿ ಪ್ರಾಧಿಕಾರವು 2 ತಿಂಗಳೊಳಗೆ ತನ್ನ ಅಭಿಪ್ರಾಯ ತಿಳಿಸಬೇಕು. ಅದು ತಲುಪಿದ 1 ತಿಂಗಳೊಳಗೆ ಸಕ್ಷಮ ಪ್ರಾಧಿಕಾರವು ಆದೇಶ ನೀಡಬೇಕು. ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಸಬಯಸುವವರು ಈ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಸಾಕಷ್ಟು ಮೊದಲೇ ಅರ್ಜಿ ಸಲ್ಲಿಸುವುದು ಒಳಿತು. ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿ ಅಗತ್ಯವಿರುವ ಕಾಮಗಾರಿಗೆ ಅದನ್ನು ಪ್ರತ್ಯೇಕವಾಗಿ ಪಡೆಯಬೇಕು. ಒಂದು ಅನುಮತಿಯು ಇನ್ನೊಂದಕ್ಕೆ ಬದಲಿಯಾಗುವುದಿಲ್ಲ.

ಹಳೆಯ ಗೋಡೆಗೆ ತಕ್ಕ ಸಾಮಗ್ರಿ

ಮಣ್ಣು, ಕಲ್ಲು ಅಥವಾ ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗಳು ನೆಲದ ತೇವವನ್ನು ಹೀರಿಕೊಂಡು ಹೊರಮೈಯಿಂದ ಆರಿಸಿಕೊಳ್ಳುತ್ತವೆ. ಇವುಗಳ ಮೇಲೆ ಸಿಮೆಂಟ್ ಗಿಲಾವು ಮಾಡಿ ತೇವ ಹಾಯದ ಬಣ್ಣ ಹಚ್ಚಿದಲ್ಲಿ ನೀರಿನಂಶ ಒಳಗೇ ಉಳಿಯುತ್ತದೆ. ಕ್ರಮೇಣ ಉಪ್ಪು ಮೂಡಿ, ಗಿಲಾವು ಉಬ್ಬಿ ಕಳಚುತ್ತದೆ. ಒಳಗಿನ ಮಣ್ಣು ಸಡಿಲವಾಗುತ್ತದೆ. ಸುಣ್ಣ ಮತ್ತು ಮರಳಿನ ಗಿಲಾವು, ಅದರ ಮೇಲೆ ಸುಣ್ಣದ ಬಣ್ಣ ಇಂತಹ ಗೋಡೆಗೆ ಹೊಂದುತ್ತವೆ. ಗಾರೆಗೆ ಇಟ್ಟಿಗೆ ಪುಡಿ ಸೇರಿಸುವ ರೂಢಿಯೂ ಇದೆ; ಇದರಿಂದ ಗಾರೆ ತೇವದಲ್ಲಿಯೂ ಗಟ್ಟಿಯಾಗುತ್ತದೆ.

ಮರದ ಕಂಬ ಮತ್ತು ಬಾಗಿಲವಾಡಗಳನ್ನು ಕಿತ್ತುಹಾಕುವ ಬದಲು, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರದಿಂದ ಜೋಡಿಸಬಹುದು. ಒಡೆದ ಮಂಗಳೂರು ಹೆಂಚುಗಳನ್ನು ಬದಲಿಸುವ ಮೊದಲು ಕೆಳಗಿನ ಪಟ್ಟಿಗಳನ್ನು ಪರೀಕ್ಷಿಸಬೇಕು. ಬಹಳಷ್ಟು ಮನೆಗಳ ಮುಂಭಾಗವು ಹಳತಾಗಿ ಕಾಣುವುದು ಸೋರುವ ನೀರು, ಪದರಪದರವಾದ ಹಳೆಯ ಬಣ್ಣ ಹಾಗೂ ಜೋತುಬಿದ್ದ ತಂತಿಗಳಿಂದಲೇ. ಇವನ್ನು ಸರಿಪಡಿಸಿದರೆ ಕಡಿಮೆ ವೆಚ್ಚದಲ್ಲಿ ಮನೆಯ ನೋಟ ಸುಧಾರಿಸುತ್ತದೆ.

ಉಲ್ಲಂಘನೆ

ನಿಷೇಧಿತ ಪ್ರದೇಶದಲ್ಲಿ ನಿರ್ಮಾಣ ಕೈಗೊಂಡಲ್ಲಿ ಅಥವಾ ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಥವಾ ಅನುಮತಿಯ ಷರತ್ತು ಮೀರಿ ನಿರ್ಮಿಸಿದಲ್ಲಿ 2 ವರ್ಷಗಳವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಗುತ್ತಿಗೆದಾರರ ಬಾಯಿಮಾತಿನ ಭರವಸೆಯು ಅನುಮತಿಯಾಗುವುದಿಲ್ಲ. ಲಿಖಿತ ಆದೇಶ ಕೈಸೇರಿದ ನಂತರವೇ ಕೆಲಸ ಆರಂಭಿಸಿ, ಆದೇಶದ ಪ್ರತಿಯನ್ನು ಮನೆಯ ದಾಖಲೆಗಳೊಂದಿಗೆ ಕಾಯ್ದಿರಿಸಿಕೊಳ್ಳಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.