ರೋಗಕ್ಕೆ ಮೂರು ವರ್ಷದ ಗಡುವಿಲ್ಲ

ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಹಸುಗೂಸುಗಳ ಬಾಯಿಗೆ ಹಾಕುವ ಹನಿಗಳ ಸಾಲಿಗೆ 2016ರಲ್ಲಿ ರೋಟಾವೈರಸ್ ಲಸಿಕೆಯೂ ಸೇರಿತು. ಅದಕ್ಕೂ ಮುಂಚಿನ ಅಂದಾಜುಗಳ ಪ್ರಕಾರ ಈ ವೈರಸ್ ತರುವ ವಾಂತಿಭೇದಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಿದ್ದರು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ರೋಟಾವ್ಯಾಕ್‌ನ ಮೂಲ ವೈರಸ್ ಸಿಕ್ಕಿದ್ದು 1980ರ ದಶಕದ ನಡುವೆ, ದೆಹಲಿಯ ಏಮ್ಸ್ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ. ಆ ಶಿಶುಗಳಿಗೆ ಸೋಂಕು ತಗುಲಿತ್ತು, ಭೇದಿ ಮಾತ್ರ ಇರಲಿಲ್ಲ. ವೈದ್ಯ ಮಹಾರಾಜ್ ಕಿಷನ್ ಭಾನ್ ಮತ್ತು ಸಂಗಡಿಗರು ಆ ಮಕ್ಕಳ ಮೇಲೆ ಕಣ್ಣಿಟ್ಟು ನೋಡಿದಾಗ, ಮುಂದೆ ಅವರನ್ನು ರೋಟಾವೈರಸ್ ಭೇದಿ ಅಷ್ಟಾಗಿ ಕಾಡಲಿಲ್ಲ ಎಂಬುದು ಕಂಡುಬಂತು. ಲಸಿಕೆ ಮಾಡಬೇಕಾದ ಕೆಲಸವನ್ನು ಆ ಸೌಮ್ಯ ವೈರಸ್ ತಾನಾಗಿಯೇ ಮಾಡಿತ್ತು. ಈ ಸುಳಿವು ಸರ್ಕಾರಿ ಆಸ್ಪತ್ರೆಯ ಹನಿಯಾಗುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ಆರೋಗ್ಯ ಸಂಶೋಧನೆಗೆ ಎಷ್ಟು ಹಣ ಕೊಡಬೇಕು ಎಂಬ ಚರ್ಚೆ ನಮ್ಮಲ್ಲಿ ಆಗಾಗ ನಡೆಯುತ್ತದೆ. ಆ ಹಣ ಎಷ್ಟು ಕಾಲ ನಿಲ್ಲಬೇಕು, ಅದನ್ನು ನೆಚ್ಚಿಕೊಂಡು ಬದುಕು ಕಟ್ಟಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ. ಭಾರತದ ಆರೋಗ್ಯ ಸಂಶೋಧನೆಯ ಗೆಲುವು ಸೋಲುಗಳನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳೇ ಎಂಬುದು ನನ್ನ ವಾದ.

ಆ ಮೂವತ್ತು ವರ್ಷಗಳಲ್ಲಿ ನಡೆದದ್ದೇನೆಂದು ನೋಡಿದರೆ ಈ ಕೆಲಸದ ಸ್ವಭಾವ ಅರ್ಥವಾಗುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿನ ನವಜಾತ ಶಿಶುಗಳಲ್ಲಿ ಇಂಥದ್ದೇ ಇನ್ನೊಂದು ತಳಿಯನ್ನು ಗುರುತಿಸಿದ್ದರು. ದೆಹಲಿಯದಕ್ಕೆ 116ಇ, ಬೆಂಗಳೂರಿನದಕ್ಕೆ ಐ321 ಎಂಬ ಹೆಸರು. ಎರಡನ್ನೂ ಶುದ್ಧೀಕರಿಸಿ, ಲಸಿಕೆಗೆ ಒಗ್ಗುವ ಕೋಶಗಳಲ್ಲಿ ಬೆಳೆಸಿ, ಸುರಕ್ಷತೆಯನ್ನು ಪರೀಕ್ಷಿಸಿ, ಕಡೆಗೆ ಶಿಶುಗಳಲ್ಲಿ ಹೋಲಿಸಿದಾಗ 116ಇ ಹೆಚ್ಚು ಪ್ರತಿರೋಧ ಹುಟ್ಟಿಸಿತು, ಬೆಂಗಳೂರಿನ ತಳಿ ಹಿಂದೆ ಬಿತ್ತು. ಆಮೇಲೆ ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ದೊಡ್ಡ ಪ್ರಯೋಗ ನಡೆದು, 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೊದಲ ವರ್ಷದಲ್ಲಿ ಲಸಿಕೆ ತೀವ್ರ ರೋಟಾವೈರಸ್ ಭೇದಿಯನ್ನು ಶೇ. 56ರಷ್ಟು ತಗ್ಗಿಸಿತ್ತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸರ್ಕಾರಿ ಸಂಸ್ಥೆಗಳು, ಗೇಟ್ಸ್ ಫೌಂಡೇಶನ್, ಕಂಪನಿ, ಎಲ್ಲರೂ ಇದಕ್ಕೆ ಹೆಗಲು ಕೊಟ್ಟರು. ಸರ್ಕಾರಕ್ಕೆ ಒಂದು ಡೋಸನ್ನು ಒಂದು ಡಾಲರಿಗೆ ಕೊಡುವ ಮಾತೂ ನಡೆಯಿತು. ಇಲ್ಲಿ ಗಮನಿಸಬೇಕಾದದ್ದು ಐ321ರ ಪಾತ್ರ. ಗೆದ್ದ ತಳಿ ಯಾವುದೆಂದು ತಿಳಿಯಬೇಕಾದರೆ ಸೋಲುವ ತಳಿಯ ಮೇಲೂ ವರ್ಷಗಟ್ಟಲೆ ದುಡಿಯಬೇಕಿತ್ತು. ಯಾವುದು ಸೋಲುತ್ತದೆಂದು ಮೊದಲೇ ತಿಳಿಯುವ ವಿದ್ಯೆ ಯಾವ ಅನುದಾನ ಸಮಿತಿಯ ಬಳಿಯೂ ಇಲ್ಲ.

ಕಾಲದ ಬೆಲೆಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇನ್ನೂ ಒಳ್ಳೆಯ ಸಾಕ್ಷಿ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿ ಜೋಪಾನವಾಗಿ ಇಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಮಕ್ಕಳಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಹೃದಯ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ವರದಿ, ಗರ್ಭದಲ್ಲಿನ ಪೋಷಣೆಗೂ ಮುಪ್ಪಿನ ಕಾಯಿಲೆಗೂ ನಂಟಿದೆ ಎಂಬ ವಾದಕ್ಕೆ ಭಾರತದಿಂದ ಸಿಕ್ಕ ಮೊದಲ ಗಟ್ಟಿ ಆಧಾರಗಳಲ್ಲೊಂದು. ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ, ಹುಟ್ಟಿದ ಮಕ್ಕಳನ್ನು ಅವರು ಯುವಕರಾಗುವವರೆಗೂ ಬಿಡದೆ ಅನುಸರಿಸಿತು. ಅದಕ್ಕೆ ಹಣದ ಬೆಂಬಲ ಹೆಚ್ಚಾಗಿ ಬಂದದ್ದು ಹೊರದೇಶಗಳಿಂದ. ಇಪ್ಪತ್ತು ವರ್ಷದ ಪ್ರಶ್ನೆಗೆ ಮೂರು ವರ್ಷದ ಅನುದಾನ ಸಾಲದು. ಇಂಥ ಅಧ್ಯಯನದಲ್ಲಿ ಕುಟುಂಬಗಳ ಮನೆ ಗೊತ್ತಿರುವ, ಅವರ ವಿಶ್ವಾಸ ಗಳಿಸಿರುವ ಸಿಬ್ಬಂದಿ ಒಮ್ಮೆ ಚದುರಿದರೆ, ಆ ತನಕ ಕೂಡಿಟ್ಟ ಮಾಹಿತಿಯ ಬಹುಪಾಲು ಉಪಯೋಗವೂ ಅವರ ಜೊತೆಗೇ ಹೋಗುತ್ತದೆ.

ನಿರಂತರತೆ ತಪ್ಪಿದಾಗ ಏನಾಗುತ್ತದೆಂಬುದನ್ನು ಮಲೆನಾಡು ಬಲ್ಲದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದ್ದು 1957ರಲ್ಲಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬೇಗನೆ ಕಾರಣ ಹಿಡಿದರು: ಉಣುಗಿನಿಂದ ಹರಡುವ ಹೊಸ ವೈರಸ್. ಜನ ಇದನ್ನು ಮಂಗನ ಕಾಯಿಲೆ ಎಂದು ಕರೆಯುತ್ತಾರೆ. 1960ರ ದಶಕದಲ್ಲಿ ಅವರು ಸಾಗರದ ಸುತ್ತಲಿನ ಕಾಡುಗಳಲ್ಲಿ ಉಣುಗು, ಮಂಗ, ಇಲಿ, ಹಕ್ಕಿ, ದನಗಳನ್ನೆಲ್ಲ ಕೂಲಂಕಷವಾಗಿ ಅಧ್ಯಯನ ಮಾಡಿದರು. ಮುಂದಿನ ದಶಕಗಳಲ್ಲಿ ಆ ಕೆಲಸ ತೆಳುವಾಯಿತು. ರೋಗ ಪತ್ತೆಯಾದ ಕಾಲದ ತಳಿಯಿಂದಲೇ ಮಾಡಿದ ಲಸಿಕೆಗೆ 1990ರಲ್ಲಿ ಪರವಾನಗಿ ಸಿಕ್ಕಿತು. 2005ರಿಂದ 2010ರವರೆಗಿನ ಮಾಹಿತಿಯನ್ನು ಅಳೆದು ನೋಡಿದಾಗ ಎರಡು ಡೋಸಿನ ರಕ್ಷಣೆ ಸುಮಾರು ಶೇ. 62 ಇತ್ತು. ಆದರೂ ಅದಕ್ಕಿಂತ ಮೇಲಾದ ಲಸಿಕೆಯ ಕೆಲಸ ಕೈಗೂಡಲಿಲ್ಲ. 2012ರಿಂದೀಚೆಗೆ ಕಾಯಿಲೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಗಡಿಗಳಲ್ಲಿ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ಹಳೆಯ ಲಸಿಕೆಯ ಬಳಕೆ ನಿಂತಾಗ ಅದರ ಜಾಗಕ್ಕೆ ಬರುವಂಥದ್ದು ಸಿದ್ಧವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಲಸಿಕಾ ಕಂಪನಿ ಇಂಡಿಯನ್ ಇಮ್ಯುನಲಾಜಿಕಲ್ಸ್ ಈಗ ಹೊಸದನ್ನು ರೂಪಿಸುತ್ತಿರುವುದು ಸಮಾಧಾನದ ಸಂಗತಿ. ರೋಗವನ್ನು ಕಂಡುಹಿಡಿಯುವ ಜಾಣ್ಮೆಯಾಗಲಿ, ಲಸಿಕೆ ಮಾಡುವ ಕೌಶಲವಾಗಲಿ ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಒಂದೇ ಪ್ರಶ್ನೆಯನ್ನು ಅರವತ್ತು ವರ್ಷ ಕೈಬಿಡದೆ ಹಿಡಿದುಕೊಳ್ಳುವ ವ್ಯವಸ್ಥೆ ಇರಲಿಲ್ಲ.

ಹಾಗಾದರೆ ನಮ್ಮ ವ್ಯವಸ್ಥೆ ಹೇಗಿದೆ? ಎಲ್ಲ ಕ್ಷೇತ್ರಗಳೂ ಸೇರಿ ಸಂಶೋಧನೆಗೆ ಭಾರತ ವೆಚ್ಚ ಮಾಡುವುದು ಜಿಡಿಪಿಯ ಸುಮಾರು ಶೇ. 0.64, ಚೀನಾ ಶೇ. 2.4ರ ಮೇಲಿದೆ, ದಕ್ಷಿಣ ಕೊರಿಯಾ ಶೇ. 4 ದಾಟಿದೆ. ಇಷ್ಟು ಕಿರಿದಾದ ಮೊತ್ತ ವಿಜ್ಞಾನಿಗಳಿಗೆ ತಲುಪುವುದು ಬಹುಪಾಲು ಮೂರು ವರ್ಷದ ಪ್ರಾಜೆಕ್ಟುಗಳ ರೂಪದಲ್ಲಿ. ಪಿಎಚ್‌ಡಿಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ 42,000 ರೂಪಾಯಿ ಫೆಲೋಶಿಪ್ ನಿಗದಿಯಾಗಿದೆ. ಅದು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಕೈಸೇರುತ್ತದೆ. ಪ್ರಾಜೆಕ್ಟಿನ ಲ್ಯಾಬ್ ತಂತ್ರಜ್ಞರು, ಹಳ್ಳಿಗಳಲ್ಲಿ ಮಾಹಿತಿ ಕಲೆಹಾಕುವವರು, ದತ್ತಾಂಶ ನೋಡಿಕೊಳ್ಳುವವರು ಎಲ್ಲರೂ ಗುತ್ತಿಗೆಯವರು. ಪ್ರಾಜೆಕ್ಟ್ ಮುಗಿದ ದಿನ ಅವರ ಕೆಲಸವೂ ಮುಗಿಯುತ್ತದೆ. ಮೊದಲ ವರ್ಷ ನೇಮಕ ಮತ್ತು ನೈತಿಕ ಸಮಿತಿಯ ಒಪ್ಪಿಗೆಯಲ್ಲಿ ಸರಿಯುತ್ತದೆ, ಕೊನೆಯ ವರ್ಷ ಮುಂದಿನ ಅನುದಾನದ ಅರ್ಜಿಯಲ್ಲಿ ಕಳೆಯುತ್ತದೆ. ಅಡಿಕೆ ಸಸಿ ನೆಟ್ಟವರು ಮೂರನೆಯ ವರ್ಷಕ್ಕೆ ಫಸಲು ಕೇಳುವುದಿಲ್ಲ. ಆರೋಗ್ಯ ಸಂಶೋಧನೆಯಲ್ಲಿ ನಾವು ಅದನ್ನೇ ಕೇಳುತ್ತಿದ್ದೇವೆ. ಇದರಿಂದ ಸಂಶೋಧಕರು ಮೂರು ವರ್ಷದಲ್ಲಿ ಖಂಡಿತ ಉತ್ತರ ಸಿಗುವ ಸಣ್ಣ ಪ್ರಶ್ನೆಗಳನ್ನೇ ಆರಿಸಿಕೊಳ್ಳುತ್ತಾರೆ. ಅವರ ಪಾಲಿಗೆ ಅದು ವಿವೇಕದ ಆಯ್ಕೆಯೇ. ನಷ್ಟ ದೇಶದ್ದು.

ದೀರ್ಘಾವಧಿಯ ಹಣ ಸಿಕ್ಕರೆ ವಿಜ್ಞಾನಿಗಳು ಮೈಮರೆಯುತ್ತಾರೆ, ಜನರ ತೆರಿಗೆಗೆ ಲೆಕ್ಕ ಇಲ್ಲದಂತಾಗುತ್ತದೆ ಎಂಬುದು ಸಹಜವಾದ ಆಕ್ಷೇಪ. ಇದನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿನ ಹೊವಾರ್ಡ್ ಹ್ಯೂಸ್ ಸಂಸ್ಥೆ ಪ್ರಾಜೆಕ್ಟನ್ನು ಬಿಟ್ಟು ವಿಜ್ಞಾನಿಯನ್ನು ಆರಿಸಿ, ಆ ಪರೀಕ್ಷೆಯ ಕಾಲದಲ್ಲಿ ಐದು ವರ್ಷ ಹಣ ಕೊಡುತ್ತಿತ್ತು. ಆರಂಭದ ಸೋಲುಗಳನ್ನು ಸಹಿಸಿಕೊಳ್ಳುತ್ತದೆ. ಅಲ್ಲಿನ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಅನುದಾನವಾದರೋ ಮುಂಚಿತವಾಗಿ ವಿವರಿಸಿದ ಪ್ರಾಜೆಕ್ಟುಗಳಿಗೆ, ಕಡಿಮೆ ಅವಧಿಗೆ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಪಿಯರ್ ಅಜುಲೇ, ಜೋಶುವಾ ಗ್ರಾಫ್ ಝಿವಿನ್ ಮತ್ತು ಗುಸ್ಟಾವೋ ಮಾನ್ಸೋ ಸಮಾನ ಸಾಧನೆಯ ಎರಡೂ ಗುಂಪುಗಳನ್ನು ಹೋಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊವಾರ್ಡ್ ಹ್ಯೂಸ್ ವಿಜ್ಞಾನಿಗಳಿಂದ ಬಹಳ ಪ್ರಭಾವ ಬೀರಿದ ಪ್ರಬಂಧಗಳು ಗಣನೀಯವಾಗಿ ಹೆಚ್ಚು ಬಂದವು. ಯಾರೂ ಗಮನಿಸದೆ ಬಿದ್ದುಹೋದ ಪ್ರಬಂಧಗಳೂ ಹೆಚ್ಚು ಬಂದವು. ಹೊಸ ದಾರಿ ಹಿಡಿದವರ ಲೆಕ್ಕ ಹಾಗೆಯೇ ಇರಬೇಕು. ಹೊವಾರ್ಡ್ ಹ್ಯೂಸ್‌ನಲ್ಲಿ ಅವಧಿಯ ಕೊನೆಗೆ ಕಟ್ಟುನಿಟ್ಟಿನ ಪರಿಶೀಲನೆ ಇದೆ, ಅದರಲ್ಲಿ ಸೋತವರು ಹೊರಬೀಳುತ್ತಾರೆ. ಆದ್ದರಿಂದ ದೀರ್ಘಾವಧಿಯೂ ಹೊಣೆಗಾರಿಕೆಯೂ ಒಂದಕ್ಕೊಂದು ವಿರೋಧಿಗಳಲ್ಲ. ಉತ್ತರ ಬರಲು ಬೇಕಾದಷ್ಟು ಕಾಲ ಕೊಟ್ಟು ಲೆಕ್ಕ ಕೇಳುವುದು ಮೂರು ತಿಂಗಳಿಗೊಮ್ಮೆ ಖರ್ಚಿನ ಚೀಟಿ ಕೇಳುವುದಕ್ಕಿಂತ ನಿಷ್ಠುರವಾದ ಪರೀಕ್ಷೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ನೈತಿಕ ತೂಕವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೇ ಇಲ್ಲದಿರುವಾಗ ಸಂಶೋಧನೆಗೆ ಹಣ ಸುರಿಯುವುದು ನ್ಯಾಯವೇ? ಇದಕ್ಕೆ ಉತ್ತರ ಬಡತನದ ಕಾಲದಲ್ಲೇ ಸಿಕ್ಕಿದೆ. ಆಗಿನ ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ, ರೋಗಿಗಳನ್ನು ಸ್ಯಾನಿಟೋರಿಯಮ್ಮಿನಲ್ಲಿ ಇಡಬೇಕೇ, ಮನೆಯಲ್ಲೇ ಔಷಧ ಕೊಟ್ಟರೆ ಸಾಕೇ ಎಂಬುದನ್ನು ಪ್ರಯೋಗ ಮಾಡಿ ನೋಡಿತು. ಮನೆಯ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಫಲಕಾರಿ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ ಎಂದು 1959ರಲ್ಲಿ ಸಾಬೀತಾಯಿತು. ಕಟ್ಟಲು ಹಣವಿಲ್ಲದ ಲಕ್ಷಾಂತರ ಹಾಸಿಗೆಗಳ ಅಗತ್ಯವನ್ನು ಒಂದು ಸಂಶೋಧನೆ ತಪ್ಪಿಸಿತು, ಜಗತ್ತೇ ಆ ದಾರಿ ಹಿಡಿಯಿತು. ಯಾವ ಖರ್ಚು ಬೇಡವೆಂದು ತಿಳಿಯುವುದು ಶ್ರೀಮಂತರಿಗಿಂತ ಬಡವರಿಗೆ ಹೆಚ್ಚು ಮುಖ್ಯ. ಈ ಕೆಲಸವನ್ನು ಕಂಪನಿಗಳಿಗೆ ಬಿಡಬಹುದಲ್ಲ ಎಂದರೆ, ಮನೆಯಲ್ಲೇ ಚಿಕಿತ್ಸೆ ಸಾಕೆಂಬ ತಿಳಿವನ್ನು ಮಾರಿ ಲಾಭ ಮಾಡುವ ಕಂಪನಿ ಇರುವುದಿಲ್ಲ. ವರ್ಷಕ್ಕೆ ಕೆಲವು ನೂರು ಜನರಿಗೆ ಬರುವ ಮಂಗನ ಕಾಯಿಲೆಗೂ ಮಾರುಕಟ್ಟೆ ಇಲ್ಲ. ಲಾಭವಿರುವಲ್ಲಿಯೂ ತಳಪಾಯ ಸಾರ್ವಜನಿಕ ಹಣದ್ದೇ. 2010ರಿಂದ 2016ರವರೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ 210 ಹೊಸ ಔಷಧಗಳಲ್ಲಿ ಒಂದೊಂದರ ಹಿಂದೆಯೂ ಎನ್‌ಐಎಚ್ ಹಣದಿಂದ ನಡೆದ ಸಂಶೋಧನೆ ಇತ್ತೆಂದು 2018ರ ಅಧ್ಯಯನ ತೋರಿಸಿತು. ದಾನಿಗಳ ಕೊಡುಗೆ ಸ್ವಾಗತಾರ್ಹ. ಭಾರತೀಯ ವಿಜ್ಞಾನ ಸಂಸ್ಥೆಯ ವೈದ್ಯಕೀಯ ಶಾಲೆಯ ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 2022ರಲ್ಲಿ ಘೋಷಿಸಿದ 425 ಕೋಟಿ ರೂಪಾಯಿ ದೊಡ್ಡ ಉದಾರತೆ. ಆದರೆ ಯಾವ ರೋಗವನ್ನು ದೇಶ ಮರೆಯಬಾರದು ಎಂಬುದು ದಾನಿಯ ಒಲವಿನ ಮೇಲೆ ನಿಲ್ಲಬಾರದು.

ಹಣ ಒಮ್ಮೆಲೇ ಹೆಚ್ಚಾದರೂ ಸಾಲದು ಎಂಬ ಪಾಠವೂ ಅಮೆರಿಕದ್ದೇ. 1998ರಿಂದ 2003ರ ನಡುವೆ ಎನ್‌ಐಎಚ್ ಬಜೆಟ್ ಇಮ್ಮಡಿಯಾಯಿತು. ವಿಶ್ವವಿದ್ಯಾಲಯಗಳು ಕಟ್ಟಡ ಕಟ್ಟಿ, ವಿದ್ಯಾರ್ಥಿಗಳನ್ನು ತುಂಬಿಕೊಂಡವು. ಆಮೇಲೆ ಬಜೆಟ್ ನಿಂತಲ್ಲೇ ನಿಂತಿತು. ತರಬೇತಿ ಪಡೆದವರಿಗೆ ತಕ್ಕಷ್ಟು ಹುದ್ದೆಗಳಿರಲಿಲ್ಲ. ಅಲ್ಲಿನ ನಾಲ್ವರು ಹಿರಿಯ ವಿಜ್ಞಾನಿಗಳು 2014ರಲ್ಲಿ, ಬೆಳವಣಿಗೆ ಎಂದೂ ನಿಲ್ಲುವುದಿಲ್ಲವೆಂಬ ನಂಬಿಕೆಯೇ ಈ ವ್ಯವಸ್ಥೆಯ ಮೂಲ ದೋಷ ಎಂದು ಬರೆದರು. ಸಂಶೋಧನೆಗೆ ಹಣ ಕೊಡಲು ಕೇಂದ್ರ ಸ್ಥಾಪಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 2023ರಿಂದ ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡು, ಅದರ ಬಹುಭಾಗವನ್ನು ಸರ್ಕಾರದ ಹೊರಗಿನಿಂದ ನಿರೀಕ್ಷಿಸುತ್ತಿರುವ ನಾವು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಷ್ಟು ಪಿಎಚ್‌ಡಿ ಬಂದವು ಎಂದು ಎಣಿಸುವಾಗ, ಅವರು ಹತ್ತು ವರ್ಷದ ಮೇಲೆ ಎಲ್ಲಿರುತ್ತಾರೆ ಎಂಬ ಪ್ರಶ್ನೆಯೂ ಜೊತೆಗೆ ಬರಬೇಕು.

ಈ ದಾರಿಗೆ ಬರಬೇಕೆನ್ನುವ ಯುವಕ ಯುವತಿಯರಿಗೆ ಅವಕಾಶಗಳೇನೂ ಇಲ್ಲವೆಂದಲ್ಲ. ಎಂಬಿಬಿಎಸ್ ಓದುವಾಗಲೇ ಎರಡು ತಿಂಗಳ ಸಂಶೋಧನೆ ಮಾಡಲು ಐಸಿಎಂಆರ್ 1979ರಿಂದ ವಿದ್ಯಾರ್ಥಿವೇತನ ಕೊಡುತ್ತಿದೆ. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್, ಸಂಶೋಧಕರ ಸಂಬಳವನ್ನೂ ಸೇರಿಸಿ ಐದು ವರ್ಷದ ಫೆಲೋಶಿಪ್ ಕೊಡುತ್ತ ಬಂದಿದೆ. ಅದರ ಮೂರನೆಯ ಹಂತಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಒಟ್ಟು 1,500 ಕೋಟಿ ರೂಪಾಯಿ, ಅದರಲ್ಲಿ 1,000 ಕೋಟಿ ಭಾರತ ಸರ್ಕಾರದ್ದು. ನಾನು ವಾದಿಸುತ್ತಿರುವ ಮಾದರಿ ನಮ್ಮಲ್ಲೇ ಇದೆ, ಅದರ ಹರವು ಮಾತ್ರ ಚಿಕ್ಕದು. 2005ರಿಂದ 2014ರವರೆಗಿನ ಹತ್ತು ವರ್ಷದಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳ ಪೈಕಿ 332 ಒಂದೇ ಒಂದು ಸಂಶೋಧನಾ ಪ್ರಬಂಧವನ್ನೂ ಪ್ರಕಟಿಸಿರಲಿಲ್ಲ ಎಂದು 2016ರ ಅಧ್ಯಯನವೊಂದು ತಿಳಿಸಿತು. ರೋಗಿಗಳು ಕಿಕ್ಕಿರಿದಿರುವ ಜಾಗದಲ್ಲೇ ಪ್ರಶ್ನೆ ಕೇಳುವವರಿಲ್ಲ. ಈ ಕೊರತೆ ತುಂಬಲು ವೈದ್ಯರಷ್ಟೇ ಸಾಲರು. ಸಂಖ್ಯಾಶಾಸ್ತ್ರ ಬಲ್ಲವರು, ಕೀಟಶಾಸ್ತ್ರಜ್ಞರು, ಪಶುವೈದ್ಯರು, ದಾದಿಯರು, ಸಮಾಜಕಾರ್ಯ ಓದಿದವರು, ಲ್ಯಾಬ್ ತಂತ್ರಜ್ಞರು ಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸಿ ಮರೆವಿನ ಕಾಯಿಲೆಯ ಮೂಲ ಹುಡುಕುವ ಗುರಿಯ ಅಧ್ಯಯನವೊಂದನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಂಥ ಕೆಲಸ ನಿಂತಿರುವುದು ಊರಿನ ಭಾಷೆ ಬಲ್ಲ, ಬಿಟ್ಟುಹೋಗದ ಕ್ಷೇತ್ರ ಸಿಬ್ಬಂದಿಯ ಮೇಲೆ.

ಆದ್ದರಿಂದ ಕೇಳಬೇಕಾದ್ದು ಸ್ಪಷ್ಟವಾಗಿದೆ. ಆರೋಗ್ಯ ಸಂಶೋಧನೆಯ ಬಜೆಟ್ಟಿನ ಒಂದು ನಿಗದಿತ ಪಾಲು, ಐದು ವರ್ಷಕ್ಕೆ ಕಡಿಮೆಯಿಲ್ಲದ, ಗಟ್ಟಿ ಪರಿಶೀಲನೆಯ ನಂತರ ಮುಂದುವರಿಯುವ ಅನುದಾನವಾಗಿ ಹೋಗಲಿ. ಎರಡು ಅನುದಾನಗಳ ನಡುವೆ ತಂಡ ಚದುರದಂತೆ ಸಂಬಳ ಕೊಡುವ ಸೇತು ನಿಧಿ ಇರಲಿ. ಫೆಲೋಶಿಪ್ ತಿಂಗಳ ಸಂಬಳದಂತೆ ತಿಂಗಳಿಗೆ ಸರಿಯಾಗಿ ಬರಲಿ. ವೈದ್ಯಕೀಯ ಕಾಲೇಜುಗಳು ಸಂಶೋಧನೆ ಮಾಡುವ ವೈದ್ಯರಿಗೆ ವಾರದಲ್ಲಿ ಕೆಲವು ದಿನ ವಾರ್ಡಿನಿಂದ ಬಿಡುವು ಕೊಡಲಿ. ಕರ್ನಾಟಕ ಸರ್ಕಾರ ಮಂಗನ ಕಾಯಿಲೆಗಾಗಿ ಮಲೆನಾಡಿನಲ್ಲೇ ಕಾಯಂ ಸಂಶೋಧನಾ ಹುದ್ದೆಗಳನ್ನು ಸೃಷ್ಟಿಸಲಿ. ಹೊಸ ಲಸಿಕೆ ಬಂದರೂ ಅದರ ಶಕ್ತಿ ಎಂದು ಕುಂದುತ್ತಿದೆ, ವೈರಸ್ ಎತ್ತ ಸರಿಯುತ್ತಿದೆ ಎಂದು ವರ್ಷ ವರ್ಷ ಅಳೆಯುವವರು ಬೇಕೇ ಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಹೆಚ್ಚಿನವಕ್ಕೆ ಭಾರಿ ಮೊತ್ತವೂ ಬೇಕಿಲ್ಲ. ಮುಂದಿನ ರೋಟಾವ್ಯಾಕ್‌ನ ಸುಳಿವು ಇವತ್ತು ಯಾವುದೋ ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಯಾರದೋ ಕಣ್ಣಿಗೆ ಬಿದ್ದಿರಬಹುದು. ಅದನ್ನು ಕಂಡವರು ಮೂವತ್ತು ವರ್ಷ ಅದರ ಬೆನ್ನು ಹತ್ತಲು ಸಾಧ್ಯವಾಗುವಂಥ ಉದ್ಯೋಗವನ್ನು ಕೊಡುವುದು ನಾವು ಆರಿಸಿ ಕಳಿಸಿದ ಸರ್ಕಾರಗಳ ಕೈಯಲ್ಲಿದೆ, ಅದನ್ನು ಕೇಳಿ ಪಡೆಯುವುದು ನಮ್ಮ ಕೈಯಲ್ಲಿದೆ.