ಕಿರಾಣಿ ಅಂಗಡಿಗೆ ಉದ್ರಿ ಪುಸ್ತಕ ಇದೆ, ನಿಮ್ಮ ಡಾಕ್ಟರ್ ಹತ್ರ ಏನಿದೆ?

ನಿಮ್ಮ ಬೀದಿಯ ಕಿರಾಣಿ ಅಂಗಡಿಯವರನ್ನ ಒಮ್ಮೆ ಕೇಳಿ ನೋಡಿ: ಯಾರ ಉದ್ರಿ ಎಷ್ಟಿದೆ, ಯಾರು ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ? ಪುಸ್ತಕ ತೆಗೆದು ಎರಡೇ ನಿಮಿಷದಲ್ಲಿ ಹೇಳ್ತಾರೆ. ಈಗ ಅದೇ ಬೀದಿಯ ಕ್ಲಿನಿಕ್‌ಗೆ ಹೋಗಿ, "ಡಾಕ್ಟ್ರೇ, ನಿಮ್ಮ ಹತ್ರ ಶುಗರ್ ಮಾತ್ರೆ ಬರೆಸಿಕೊಂಡವರಲ್ಲಿ ಎಷ್ಟು ಜನ ಮೂರು ತಿಂಗಳಿಂದ ಬಂದಿಲ್ಲ?" ಅಂತ ಕೇಳಿ. ಬಹಳಷ್ಟು ಕಡೆ ಉತ್ತರ ಸಿಗಲ್ಲ. ಡಾಕ್ಟರಿಗೆ ಕಾಳಜಿ ಇಲ್ಲ ಅಂತಲ್ಲ. ಲೆಕ್ಕ ಇಡೋ ಪುಸ್ತಕವೇ ಅಲ್ಲಿಲ್ಲ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇವತ್ತಿನ ವಿಷಯವನ್ನ, ಅಂದ್ರೆ ಸಣ್ಣ ಕ್ಲಿನಿಕ್‌ಗಳಲ್ಲಿ ರೋಗಿಗಳ ದಾಖಲೆಯನ್ನ ಕಂಪ್ಯೂಟರ್‌ನಲ್ಲಿ ಇಡೋ ವ್ಯವಸ್ಥೆಯನ್ನ, ನಾನು ನೋಡೋದು ಲೆಡ್ಜರ್ ಕಣ್ಣಲ್ಲಿ. ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಹೊರಗೆ ಆರು ಕುರ್ಚಿ. ಇಂಥ ಕಡೆ ಕಂಪ್ಯೂಟರ್ ಯಾಕೆ, ಅದು ದೊಡ್ಡ ಆಸ್ಪತ್ರೆಯವರ ಸಮಾಚಾರ ಅಂತ ಅನ್ನಿಸಬಹುದು. ನನ್ನ ಪ್ರಕಾರ ಉಲ್ಟಾ. ದೊಡ್ಡ ಆಸ್ಪತ್ರೆಗೆ ನಾವು ಹೋಗೋದು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ. ಬೀದಿಯ ಡಾಕ್ಟರ ಹತ್ರ ಅಪ್ಪ ಅಮ್ಮ ಇಪ್ಪತ್ತು ವರ್ಷದಿಂದ ಹೋಗ್ತಿದ್ದಾರೆ. ಆ ಇಪ್ಪತ್ತು ವರ್ಷದ ಕಥೆ ಈಗ ಎಲ್ಲಿದೆ? ನಮ್ಮ ಮನೆ ಬೀರುವಿನಲ್ಲಿ, ಯಾವುದೋ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಒಳಗೆ.

ನಿಯಮ ಏನ್ ಹೇಳತ್ತೆ ಅಂತಲೂ ನೋಡೋಣ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಾವಳಿ ಪ್ರಕಾರ, ಅಡ್ಮಿಟ್ ಆದ ರೋಗಿಗಳ ದಾಖಲೆಯನ್ನ 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆಗಳನ್ನ ಕಂಪ್ಯೂಟರ್‌ಗೆ ತರೋ ಪ್ರಯತ್ನ ಆಗಬೇಕು ಅನ್ನೋ ಮಾತೂ ಅದರಲ್ಲೇ ಇದೆ. ಆದರೆ ಬಂದು, ತೋರಿಸಿ, ಚೀಟಿ ಬರೆಸಿಕೊಂಡು ಹೋಗೋ ನಮ್ಮಂಥವರ ವಿಷಯದಲ್ಲಿ, ಚೀಟಿ ನಮ್ಮ ಜೇಬಿಗೆ ಬಂದ ಮೇಲೆ ಕ್ಲಿನಿಕ್‌ನಲ್ಲಿ ಉಳಿಯೋದು ಡಾಕ್ಟರ ನೆನಪು ಮಾತ್ರ.

ಇದರಿಂದ ಏನು ತೊಂದರೆ? ಒಂದು ಉದಾಹರಣೆ ಸ್ವಲ್ಪ ನಿಧಾನವಾಗಿ ನೋಡೋಣ. ಕಿಡ್ನಿ ಹೇಗಿದೆ ಅಂತ ನೋಡೋಕೆ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಅಂಶ ಅಳೀತಾರೆ. ಶುಗರ್ ಇರೋ ಒಬ್ಬ ಅಪ್ಪ ಅಂದ್ಕೊಳ್ಳಿ. ಒಂದು ವರ್ಷ 0.8 ಬಂತು. ಮುಂದಿನ ವರ್ಷ 1.0. ಅದರ ಮುಂದಿನ ವರ್ಷ 1.2. ಲ್ಯಾಬ್ ರಿಪೋರ್ಟ್‌ನಲ್ಲಿ ಮೂರೂ ಸಲ 'ನಾರ್ಮಲ್' ಅಂತಲೇ ಇರಬಹುದು, ಯಾಕಂದ್ರೆ ಗಂಡಸರಿಗೆ ಅನೇಕ ಲ್ಯಾಬ್‌ಗಳು ಹಾಕೋ ಮೇಲಿನ ಮಿತಿ 1.2ರಿಂದ 1.3ರ ಆಸುಪಾಸು. ಒಂದೊಂದೇ ಹಾಳೆ ನೋಡಿದರೆ ಏನೂ ಗೊತ್ತಾಗಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಕಿಡ್ನಿಯ ಕೆಲಸ ಕುಗ್ಗುತ್ತಾ ಇರಬಹುದು ಅನ್ನೋ ಸೂಚನೆ ಕಾಣತ್ತೆ. ಆಗ ಡಾಕ್ಟರು ಮಂಡಿನೋವಿಗೆ ಅಂತ ಅವರು ನುಂಗ್ತಿರೋ ನೋವಿನ ಮಾತ್ರೆ ನಿಲ್ಲಿಸಬಹುದು, ಮೂತ್ರ ಪರೀಕ್ಷೆ ಬರೀಬಹುದು, ಬೇಗ ಕಿಡ್ನಿ ತಜ್ಞರ ಹತ್ರ ಕಳಿಸಬಹುದು. ಕಂಪ್ಯೂಟರ್ ಇಲ್ಲಿ ಯಾವ ಬುದ್ಧಿವಂತಿಕೆಯನ್ನೂ ತೋರಿಸಿಲ್ಲ. ಮೂರು ಸಂಖ್ಯೆಗಳನ್ನ ಒಂದೇ ಸಾಲಲ್ಲಿ ಇಟ್ಟಿದೆ, ಅಷ್ಟೇ. ಕಳೆದ ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕದಲ್ಲಿ ಇಡದೆ ಈ ವರ್ಷದ್ದನ್ನ ಯಾರಾದ್ರೂ ಓದ್ತಾರಾ?

ಅಲರ್ಜಿ ವಿಷಯವೂ ಹೀಗೇ. ಅಮ್ಮನಿಗೆ ಪೆನಿಸಿಲಿನ್ ಆಗಿ ಬರಲ್ಲ ಅಂತ ಮನೇಲಿ ಎಲ್ಲರಿಗೂ ಗೊತ್ತು. ಆದರೆ ಚೀಟಿಯಲ್ಲಿ ಬರೋ ಹೆಸರು ಆಗ್ಮೆಂಟಿನ್. ಅದರೊಳಗೆ ಇರೋ ಅಮಾಕ್ಸಿಸಿಲಿನ್ ಕೂಡ ಪೆನಿಸಿಲಿನ್ ಕುಟುಂಬದ್ದೇ ಅಂತ ಎಷ್ಟು ಮನೆಗಳಲ್ಲಿ ಗೊತ್ತು? ಡಾಕ್ಟರಿಗೆ ಖಂಡಿತ ಗೊತ್ತು, ಆದರೆ ಆ ದಿನದ ಅರವತ್ತನೇ ರೋಗಿಯ ಹೊತ್ತಿಗೆ ಅಮ್ಮನ ಅಲರ್ಜಿ ನೆನಪಿರಬೇಕಲ್ಲ. ಅಲರ್ಜಿ ಒಮ್ಮೆ ದಾಖಲಾಗಿದ್ದರೆ, ಒಳ್ಳೆಯ ಸಾಫ್ಟ್‌ವೇರ್ ಔಷಧಿ ಬರೆಯೋ ಹೊತ್ತಿಗೇ ಕೆಂಪು ಎಚ್ಚರಿಕೆ ತೋರಿಸತ್ತೆ.

ಈಗ ಉದ್ರಿ ಪುಸ್ತಕಕ್ಕೆ ವಾಪಸ್ ಬರ್ತೀನಿ, ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಕಾಣೋದು ಅಲ್ಲೇ. ಬಿಪಿ, ಶುಗರ್ ಇದ್ದೋರು ಔಷಧಿ ಬಿಡೋದು ಗಲಾಟೆ ಮಾಡಿ ಅಲ್ಲ, ಸುಮ್ಮನೆ ಬರೋದು ನಿಲ್ಲಿಸ್ತಾರೆ. ಮೈ ಚೆನ್ನಾಗಿದೆ ಅನ್ಸತ್ತೆ, ಹಬ್ಬ ಬರತ್ತೆ, ದುಡ್ಡಿರಲ್ಲ. ಆಮೇಲೆ ಒಂದಿನ ಲಕ್ವ ಹೊಡೆದ ಮೇಲೆ ಆಂಬುಲೆನ್ಸ್‌ನಲ್ಲಿ ಬರ್ತಾರೆ. 2017ರಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣದ ಸರ್ಕಾರಿ ಯೋಜನೆಯೊಂದರಲ್ಲಿ, ಇದಕ್ಕೆ ಅಂತಲೇ 'ಸಿಂಪಲ್' ಅನ್ನೋ ಆ್ಯಪ್ ಬಳಸಿದರು. ಅದನ್ನ ಕಟ್ಟಿದ್ದರಲ್ಲಿ ಬೆಂಗಳೂರಿನ ತಂಡಗಳ ಕೈಯೂ ಇದೆ. ನರ್ಸ್ ತುಂಬಬೇಕಾದ್ದು ಬಿಪಿ ಎಷ್ಟು, ಯಾವ ಮಾತ್ರೆ, ಮತ್ತೆ ಬರೋದು ಯಾವಾಗ ಅನ್ನೋದು, ಹೆಚ್ಚುಕಮ್ಮಿ ಅಷ್ಟೇ. ಇಂಟರ್ನೆಟ್ ಇಲ್ಲದಿದ್ದರೂ ನಡೆಯತ್ತೆ. ಬರಬೇಕಾದ ದಿನ ಬಾರದವರ ಪಟ್ಟಿ ತಾನಾಗೇ ತಯಾರಾಗತ್ತೆ, ನರ್ಸ್ ಅಲ್ಲಿಂದಲೇ ಫೋನ್ ಮಾಡಬಹುದು: "ಅಣ್ಣ, ಮಾತ್ರೆ ಮುಗಿದಿರಬೇಕಲ್ಲ, ಯಾಕೆ ಬಂದಿಲ್ಲ?" ವಸೂಲಿ ಪಟ್ಟಿ ಇದ್ದಂಗೇ, ವಸೂಲಿ ಆಗೋದು ಮಾತ್ರ ಆರೋಗ್ಯ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಾಧ್ಯ ಆದದ್ದು ಖಾಸಗಿ ಕ್ಲಿನಿಕ್‌ನಲ್ಲಿ ಆಗದೇ ಇರೋಕೆ ಕಾರಣ ಇಲ್ಲ. ಅಲ್ಲಿ ವಾಪಸ್ ಬಂದ ರೋಗಿ ಅಂದ್ರೆ ಆದಾಯ ಕೂಡ, ಅದನ್ನ ಹೇಳೋಕೆ ನಾಚಿಕೆ ಬೇಡ.

ದುಡ್ಡಿನ ಲೆಕ್ಕವನ್ನ ಬೇಗ ಮುಗಿಸ್ತೀನಿ. ದಿನಕ್ಕೆ 50 ಜನ ಬರೋ ಕ್ಲಿನಿಕ್‌ನಲ್ಲಿ ಒಬ್ಬೊಬ್ಬರ ಹಳೇ ಚೀಟಿ ಬಿಡಿಸಿ ಓದೋಕೆ ಒಂದು ನಿಮಿಷ ಹಿಡಿದರೆ ದಿನಕ್ಕೆ 50 ನಿಮಿಷ ಹೋಯ್ತು. ಫ್ರಿಜ್‌ನಲ್ಲಿ ಅವಧಿ ಮುಗಿದ ಇಂಜೆಕ್ಷನ್, ಬರೆಯದೇ ಬಿಟ್ಟ ಫೀಸು, ಇವೂ ಕೈಗೆ ಸಿಗ್ತವೆ.

ನಿಮ್ಮಲ್ಲಿ ಕೆಲವರು ಕೇಳಬಹುದು, "ನನ್ನ ಹತ್ರ ಆಭಾ ನಂಬರ್ ಇದೆಯಲ್ಲ?" 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡೋ 14 ಅಂಕಿಯ ಸಂಖ್ಯೆ ಅದು. ಮಾಡಿಸ್ಕೊಳ್ಳೋದು ಕಡ್ಡಾಯ ಅಲ್ಲ. ಆ್ಯಪ್ ತೆರೆದರೆ ಅನೇಕರಿಗೆ ಒಳಗೆ ಏನೂ ಕಾಣಲ್ಲ, ಯಾಕೆ ಅಂದ್ರೆ ಆಭಾ ಒಂದು ವಿಳಾಸ ಮಾತ್ರ. ದಾಖಲೆ ಹುಟ್ಟಿದ ಕಡೆಯೇ, ಅಂದ್ರೆ ಕ್ಲಿನಿಕ್‌ನಲ್ಲೋ ಲ್ಯಾಬ್‌ನಲ್ಲೋ ಇರತ್ತೆ. ನೀವು ಒಪ್ಪಿಗೆ ಕೊಟ್ಟಾಗ ಇನ್ನೊಬ್ಬ ಡಾಕ್ಟರಿಗೆ ಕಾಣತ್ತೆ, ಆ ಒಪ್ಪಿಗೆಯನ್ನ ವಾಪಸ್ಸೂ ತಗೋಬಹುದು. ಬೀದಿಯ ಕ್ಲಿನಿಕ್ ಕಾಗದದಲ್ಲೇ ಬರೀತಿದ್ದರೆ ಆ ವಿಳಾಸಕ್ಕೆ ಬರೋಕೆ ಏನಿದೆ?

ತಕರಾರುಗಳೂ ಇವೆ, ಸುಳ್ಳಲ್ಲ. ಡಾಕ್ಟರು ನಮ್ಮ ಮುಖ ಬಿಟ್ಟು ಸ್ಕ್ರೀನ್ ನೋಡ್ತಾರೆ ಅನ್ನೋದು ಮೊದಲನೇದು. ತೂಕ, ಬಿಪಿ, ಹಳೇ ರಿಪೋರ್ಟ್ ಸಂಖ್ಯೆಗಳನ್ನ ಕಾಂಪೌಂಡರ್ ಹೊರಗೇ ತುಂಬಿದರೆ ಡಾಕ್ಟರಿಗೆ ಟೈಪ್ ಮಾಡೋಕೆ ಉಳಿಯೋದು ಕಾಯಿಲೆ ಮತ್ತು ಔಷಧಿ ಮಾತ್ರ. ಮೊದಲ ಒಂದೆರಡು ತಿಂಗಳು ಕ್ಯೂ ಉದ್ದ ಆಗತ್ತೆ, ರೋಗಿಗಳು ಗೊಣಗ್ತಾರೆ, ಅದನ್ನ ತಡ್ಕೋಬೇಕು. ಚೀಟಿಯ ಫೋಟೋ ಹೊಡೆದು ಇಟ್ಟುಕೊಳ್ಳೋದನ್ನೇ ಕೆಲವರು 'ಡಿಜಿಟಲ್' ಅಂತಾರೆ. ಬಿಲ್‌ನ ಫೋಟೋ ಲೆಡ್ಜರ್ ಆಗಲ್ಲ, ಅದರಲ್ಲಿ 0.8ನ್ನೂ 1.2ನ್ನೂ ಯಾರೂ ಕೂಡಿಸಿ ನೋಡೋಕಾಗಲ್ಲ.

ಎರಡನೇದು ಗುಟ್ಟು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೇ ಸೈಬರ್ ದಾಳಿ ಆಗಿ, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೀತು. ಹಾಗಾಗಿ ಬ್ಯಾಕಪ್ ಇಲ್ಲದ ಕಂಪ್ಯೂಟರ್‌ಗಿಂತ ರಟ್ಟಿನ ಫೈಲೇ ವಾಸಿ. ಹಾಗಂತ ಈಗಿನ ಪದ್ಧತಿ ಭದ್ರ ಅಂದ್ಕೋಬೇಡಿ. ನಿಮ್ಮ ರಿಪೋರ್ಟು ರಿಸೆಪ್ಷನ್‌ನಲ್ಲಿ ಕೂತವರ ಸ್ವಂತ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಬಿದ್ದಿರತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ಸರಿಯಾದ ಭದ್ರತೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಡಾಕ್ಟರಿಗೊಂದು ಪಾಸ್‌ವರ್ಡ್, ಕಾಂಪೌಂಡರಿಗೆ ಬೇರೆ ಪಾಸ್‌ವರ್ಡ್ ಅನ್ನೋದರಿಂದಾದ್ರೂ ಶುರು ಮಾಡಬೇಕು.

ಮೂರನೇದನ್ನ ಡಾಕ್ಟರುಗಳು ಕೇಳೋದೇ ಕಮ್ಮಿ. ನಾಳೆ ಈ ಸಾಫ್ಟ್‌ವೇರ್ ಕಂಪನಿ ಮುಚ್ಚಿದರೆ, ಅಥವಾ ಬಾಡಿಗೆ ಎರಡು ಪಟ್ಟು ಮಾಡಿದರೆ, ನನ್ನ ರೋಗಿಗಳ ದಾಖಲೆ ನನ್ನ ಕೈಗೆ ಸಿಗತ್ತಾ? ಬೇರೆ ಸಾಫ್ಟ್‌ವೇರ್ ಓದೋ ರೂಪದಲ್ಲಿ ಸಿಗತ್ತಾ? "ಹೂಂ" ಅಂತ ಬಾಯಲ್ಲಿ ಹೇಳಿದರೆ ಸಾಲದು, ಹತ್ತು ರೋಗಿಗಳದ್ದು ಇಳಿಸಿ ತೋರಿಸಿ ಅನ್ನಬೇಕು.

ಇನ್ನು, "ಇಪ್ಪತ್ತು ವರ್ಷದ ಹಳೇ ಚೀಟಿಗಳನ್ನ ಟೈಪ್ ಮಾಡೋರು ಯಾರು?" ಅಂತ ಹೆದರಿಯೇ ಎಷ್ಟೋ ಕ್ಲಿನಿಕ್‌ಗಳು ಹಿಂಜರಿಯುತ್ತವೆ. ಯಾರೂ ಮಾಡಬೇಕಾಗಿಲ್ಲ. ಅಂಗಡಿಗೆ ಟ್ಯಾಲಿ ತಂದಾಗ ಹಳೇ ಬಿಲ್ಲುಗಳನ್ನೆಲ್ಲ ಹಾಕ್ತೀವಾ? ಏಪ್ರಿಲ್ 1ಕ್ಕೆ ಓಪನಿಂಗ್ ಬ್ಯಾಲೆನ್ಸ್ ಹಾಕಿ ಶುರು ಮಾಡ್ತೀವಿ. ರೋಗಿಯ ಓಪನಿಂಗ್ ಬ್ಯಾಲೆನ್ಸ್ ನಾಲ್ಕು ಸಾಲು: ಇರೋ ಕಾಯಿಲೆಗಳು, ಈಗ ನುಂಗ್ತಿರೋ ಮಾತ್ರೆಗಳು, ಆಗಿ ಬರದ ಔಷಧಿಗಳು, ಕೊನೇ ಎರಡು ಮೂರು ರಿಪೋರ್ಟಿನ ಸಂಖ್ಯೆಗಳು. ಆ ಪ್ಲಾಸ್ಟಿಕ್ ಕವರ್ ಬಿಚ್ಚಿ ಈ ನಾಲ್ಕು ಸಾಲನ್ನ ಒಂದು ಹಾಳೆಗೆ ಇಳಿಸೋದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯ ಕೆಲಸ. ಮುಂದಿನ ಸಲ ಅಪ್ಪನ ಜೊತೆ ಹೋದಾಗ ಆ ಹಾಳೆಯನ್ನ ಡಾಕ್ಟರ ಮೇಜಿನ ಮೇಲೆ ಇಡಿ. ಅವರ ಹತ್ರ ಕಂಪ್ಯೂಟರ್ ಇದ್ದರೂ ಉಪಯೋಗ, ಇಲ್ಲದಿದ್ದರೂ ಉಪಯೋಗ.