ಗೋಡೆ ಹೊಲಸಾಯಿತೆ, ಚಿತ್ರವಾಯಿತೆ?

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಹೀಗಾಗಿ ಇಲ್ಲಿನ ಮಗುವಿಗೆ ಮೊದಲ ಪೆನ್ಸಿಲು ಪುಕ್ಕಟೆ. ಕೆಂಪು ಕಲ್ಲಿನ ಚೂರೊಂದು ಸಿಕ್ಕರೆ ಸುಣ್ಣದ ಗೋಡೆಯೇ ಹಾಳೆ. ಭಾಲ್ಕಿ, ಔರಾದ ಕಡೆ ಹೆಚ್ಚಾಗಿ ಎರೆಭೂಮಿ. ಅಲ್ಲಿ ಒಲೆಯ ಇದ್ದಿಲೋ ಶಾಲೆಯಿಂದ ತಂದ ಸೀಮೆಸುಣ್ಣವೋ ಆ ಕೆಲಸ ಮಾಡುತ್ತದೆ. ದೊಡ್ಡವರ ಸೊಂಟದೆತ್ತರದಲ್ಲಿ ಮೂಡುವ ಎಮ್ಮೆ, ಬಸ್ಸು, ಅವ್ವ ಎಲ್ಲವೂ ನಮ್ಮ ಲೆಕ್ಕದಲ್ಲಿ ಬರೀ ಹೊಲಸು.

ಆದರೆ ಸ್ವಲ್ಪ ನಿಂತು ನೋಡಬೇಕು. ಮೂರು ನಾಲ್ಕು ವರ್ಷದ ಮಗು ಬರೆಯುವ ಮನುಷ್ಯನಿಗೆ ಮುಂಡವೇ ಇರುವುದಿಲ್ಲ. ದುಂಡು ತಲೆಯಿಂದಲೇ ಕಾಲುಗಳು ಇಳಿದಿರುತ್ತವೆ. ಜಗತ್ತಿನ ಬಹುತೇಕ ಕಡೆ ಮಕ್ಕಳು ಆರಂಭಿಸುವುದು ಹೀಗೆಯೇ. ಇನ್ನಷ್ಟು ಬೆಳೆದ ಮೇಲೆ ಬಸ್ಸಿನ ತಗಡಿನಾಚೆ ಕುಳಿತವರ ಕಾಲೂ ಕಾಣುತ್ತದೆ, ಗಬ್ಬದ ಎಮ್ಮೆಯ ಹೊಟ್ಟೆಯೊಳಗಿನ ಕರುವೂ ಕಾಣುತ್ತದೆ. ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನೇ ಬರೆಯುತ್ತದೆ. ಅಜ್ಜಿ ಅಪ್ಪನಿಗಿಂತ ಎತ್ತರವಾಗಿದ್ದರೆ ಅಳತೆ ತಪ್ಪಿತೆನ್ನುವ ಮೊದಲು, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ವಿಚಾರಿಸುವುದು ಒಳ್ಳೆಯದು!

ಇಂಥ ಗೀಚುಗಳಿಗೆ ಇತಿಹಾಸದಲ್ಲೂ ಬೆಲೆಯುಂಟು. ರಷ್ಯಾದ ನವ್ಗೊರೊದ್ ಪಟ್ಟಣದ ಉತ್ಖನನದಲ್ಲಿ 1956ರಲ್ಲಿ ಬರ್ಚ್ ಮರದ ಕೆಲವು ತೊಗಟೆಗಳು ಸಿಕ್ಕವು. 13ನೇ ಶತಮಾನದಲ್ಲಿದ್ದ ಆನ್ಫಿಮ್ ಎಂಬ ಆರೇಳು ವರ್ಷದ ಹುಡುಗನ ಪಾಠದ ಹಾಳೆಗಳವು. ಅಕ್ಷರ ತಿದ್ದುತ್ತಿದ್ದವನು ನಡುವೆಯೇ ಅದನ್ನು ಬಿಟ್ಟು, ಶತ್ರುವನ್ನು ಈಟಿಯಿಂದ ಇರಿಯುವ ಕುದುರೆ ಸವಾರನನ್ನು ಗೀಚಿ, ಪಕ್ಕದಲ್ಲಿ ತನ್ನದೇ ಹೆಸರು ಬರೆದುಕೊಂಡಿದ್ದಾನೆ. ಬೆರಳುಗಳೋ ಬಾಚಣಿಗೆಯ ಹಲ್ಲಿನಂತಿವೆ. ವಿದ್ವಾಂಸರು ಅವನ್ನು ಜೋಪಾನವಾಗಿ ಕಾಯ್ದಿಟ್ಟಿದ್ದಾರೆ. ನಮ್ಮಲ್ಲಿ 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳನ್ನು ಉಳಿದಷ್ಟಾದರೂ ಇಂದಿಗೂ ನೋಡುತ್ತೇವೆ. ಊರ ಮಕ್ಕಳ ಗೆರೆಗಳಿಗೆ ಆ ಭಾಗ್ಯವಿಲ್ಲ.

ಸುಣ್ಣಕ್ಕಿಂತ ಬೇಗ ಅವನ್ನು ಅಳಿಸುವುದು ಚಿತ್ರಕಲೆಯ ತರಗತಿ. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ತೆಂಗಿನ ಮರ. ಔರಾದದಲ್ಲಿ ಅಂಥ ಗುಡ್ಡ ಎಲ್ಲಿದೆ? ತೊಗರಿ ಹೊಲ, ಮಾಂಜ್ರಾ ನದಿ ನೋಡಿ ಬೆಳೆದ ಹುಡುಗಿ ತಾನು ಕಾಣದ ಗುಡ್ಡಕ್ಕೆ ಬಣ್ಣ ತುಂಬಿ ಶಾಬಾಷ್ ಪಡೆಯುತ್ತಾಳೆ. ಮನೆಯಲ್ಲಿ ಮರಾಠಿ, ಉರ್ದು, ತೆಲುಗು ಅಥವಾ ಲಂಬಾಣಿ ಆಡಿ ಕನ್ನಡ ಶಾಲೆಗೆ ಬರುವ ಮಕ್ಕಳಿಗೆ ಇದರಿಂದ ಇಮ್ಮಡಿ ನಷ್ಟ. ಮಾತು ಇನ್ನೂ ಬಾರದಾಗ ತನ್ನ ಮನೆ, ತನ್ನ ಓಣಿಯ ಸುದ್ದಿ ಹೇಳಲು ಅವರಿಗಿರುವುದು ಆ ಸೀಮೆಸುಣ್ಣವೊಂದೇ.

"ಇದೇನು ಬರೆದಿ?" ಎಂದು ಗದರಿಸಿದರೆ ಮಗು ಬಾಯಿ ಮುಚ್ಚುತ್ತದೆ. "ಇದರ ಕತೆ ಹೇಳು" ಎಂದರೆ ಮುಗಿಯುವ ಹೊತ್ತಿಗೆ ಚಹಾ ಆರಿರುತ್ತದೆ. ಚಿತ್ರ ಕಾಗದದ್ದಾದರೆ ಬೆನ್ನಿಗೆ ತಾರೀಖು, ವಯಸ್ಸು, ಮಗು ಹೇಳಿದ ಎರಡು ಮಾತು ಬರೆದಿಡಿ. ಗೋಡೆಯದ್ದಾದರೆ ದೀಪಾವಳಿಯ ಸುಣ್ಣಕ್ಕೆ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದರಾಯಿತು.